ಬಾಯಿ ತೆರೆಯಿರಿ, ನಾಲಿಗೆ ಚಾಚಿ

ನಮ್ಮ ಬಳಗದ ಹಬ್ಬದೂಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಯಾರಾದರೊಬ್ಬರು ಕೇಳುವುದುಂಟು: "ಡಾಕ್ಟ್ರೇ, ನಮ್ಮ ತಾಯಿಗೆ ಆಪರೇಷನ್ ಇದ್ದದ್ದು ಹೊಟ್ಟೆಗೆ. ಅರಿವಳಿಕೆಯವರು ಬಂದು ಬಾಯಿ ತೆಗೆಸಿ, ಕತ್ತು ಎತ್ತಿಸಿ, ಹಲ್ಲು ಅಲ್ಲಾಡುತ್ತಾ ಅಂತ ಕೇಳಿ ಹೋದ್ರು. ಯಾಕೆ?" ಈ ಸಲದ ಅಂಕಣ ಅದಕ್ಕೇ ಮೀಸಲು.

ಪೂರ್ಣ ಅರಿವಳಿಕೆ ಕೊಟ್ಟು ಸ್ನಾಯುಗಳನ್ನು ಸಡಿಲಗೊಳಿಸಿದ ಮೇಲೆ ರೋಗಿ ತಾನಾಗಿ ಉಸಿರಾಡುವುದಿಲ್ಲ. ಆ ಕೆಲಸ ನಮ್ಮದು. ಬಾಯಿಯ ಮೂಲಕ ಧ್ವನಿತಂತುಗಳ ನಡುವೆ ಒಂದು ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಬೇಕು. ಮೊದಲೇ ಶುದ್ಧ ಆಮ್ಲಜನಕ ಉಸಿರಾಡಿಸಿರುವುದರಿಂದ ನಮ್ಮ ಕೈಯಲ್ಲಿ ಕೆಲವು ನಿಮಿಷಗಳಿರುತ್ತವೆ. ದಪ್ಪ ಶರೀರದವರಲ್ಲಿ, ಗರ್ಭಿಣಿಯರಲ್ಲಿ ಅದೂ ಕಡಿಮೆ. ದಾರಿ ಕಷ್ಟದ್ದೋ ಸುಲಭದ್ದೋ ಎಂಬುದು ಅಷ್ಟರೊಳಗೆ ಗೊತ್ತಾದರೆ ಸಾಲದು, ಮೊದಲೇ ಗೊತ್ತಿರಬೇಕು.

ಇದಕ್ಕಾಗಿ ಜಗತ್ತಿನಾದ್ಯಂತ ಬಳಸುವ ಪರೀಕ್ಷೆಗೆ ನಮ್ಮ ಪಕ್ಕದ ರಾಜ್ಯದವರ ಹೆಸರಿದೆ. ಆಂಧ್ರದಲ್ಲಿ ಹುಟ್ಟಿ ಅಮೆರಿಕಾದ ಬಾಸ್ಟನ್‌ನಲ್ಲಿ ಕೆಲಸ ಮಾಡಿದ ಡಾ. ಶೇಷಗಿರಿ ರಾವ್ ಮಲ್ಲಂಪಾಟಿಯವರು 1985ರಲ್ಲಿ 210 ರೋಗಿಗಳನ್ನು ನೋಡಿ ಪ್ರಕಟಿಸಿದ್ದು. ಕೂತು, ಬಾಯಿ ಅಗಲ ತೆರೆದು, ನಾಲಿಗೆ ಪೂರ್ತಿ ಹೊರಚಾಚಬೇಕು, "ಆ" ಅನ್ನಬಾರದು. ಕಿರುನಾಲಿಗೆ, ಅದರ ಅಕ್ಕಪಕ್ಕದ ಕಂಬಗಳು ಚೆನ್ನಾಗಿ ಕಂಡರೆ ಸಮಾಧಾನ. ನಾಲಿಗೆಯೇ ಎಲ್ಲವನ್ನೂ ಮರೆಮಾಡಿದರೆ ಎಚ್ಚರಿಕೆ. ಜೊತೆಗೆ ಬಾಯೊಳಗೆ ಮೂರು ಬೆರಳು ಹಿಡಿಸುತ್ತದೆಯೇ, ಕತ್ತು ಹಿಂದಕ್ಕೆ ಬಾಗುತ್ತದೆಯೇ, ಕೆಳಹಲ್ಲಿನಿಂದ ಮೇಲ್ದುಟಿ ಕಚ್ಚಲಾಗುತ್ತದೆಯೇ, ಗಂಟಲಮಣಿಯಿಂದ ಗದ್ದದ ತುದಿಗೆ ಸುಮಾರು 6 ಸೆಂಟಿಮೀಟರಿಗಿಂತ ಹೆಚ್ಚು ಅಂತರವಿದೆಯೇ ಎಂದೂ ನೋಡುತ್ತೇವೆ. ಗಡ್ಡ ಬಿಟ್ಟವರಲ್ಲಿ ಸಣ್ಣ ಗದ್ದ ಅಡಗಿರುತ್ತದೆ, ಆದ್ದರಿಂದ ಮುಟ್ಟಿಯೇ ನೋಡಬೇಕು!

ಬಹುಕಾಲದ ಮಧುಮೇಹಿಗಳಿಂದ ನಾನು ನಮಸ್ಕಾರ ಮಾಡಿಸುತ್ತೇನೆ. ಪಕ್ಕದಲ್ಲಿರುವ ಇಂಗ್ಲಿಷ್ ನರ್ಸ್‌ಗೆ ಇದು ನಮ್ಮವರ ಮರ್ಯಾದೆ ಅಂತ ಅನ್ನಿಸಬಹುದು. ವಿಷಯ ಬೇರೆ. ವರ್ಷಗಟ್ಟಲೆ ಸಕ್ಕರೆ ಏರಿದ್ದರೆ ಕೀಲುಗಳು ಬಿರುಸಾಗಿ, ಕೈ ಜೋಡಿಸಿದರೂ ಬೆರಳುಗಳು ಒಂದಕ್ಕೊಂದು ಪೂರ್ತಿ ತಾಗುವುದಿಲ್ಲ. ಬೆರಳಿಗೆ ಬಂದ ಬಿರುಸು ಕತ್ತಿಗೂ ಬಂದಿರಬಹುದು.

ಇನ್ನು ನಮ್ಮವರದೇ ಒಂದು ವಿಶೇಷ, ಅಡಿಕೆ. ಮಲೆನಾಡಿನ ಹಿರಿಯರೊಬ್ಬರು ಇಲ್ಲಿ ಮಗನ ಮನೆಯಲ್ಲಿ ನೆಲೆಸಿದ್ದರು. ಪಿತ್ತಕೋಶದ ಶಸ್ತ್ರಚಿಕಿತ್ಸೆ ಇತ್ತು. ಫಾರಂನಲ್ಲಿ ಸಿಗರೇಟು ಇಲ್ಲ, ಮದ್ಯ ಇಲ್ಲ. "ನಮ್ಮ ತಂದೆಗೆ ಯಾವ ಅಭ್ಯಾಸವೂ ಇಲ್ಲ ಸಾರ್" ಎಂದ ಮಗ. ಬಾಯಿ ತೆರೆಸಿದರೆ ಒಂದೂವರೆ ಬೆರಳು ಮಾತ್ರ!

"ಯಜಮಾನ್ರೇ, ಎಲೆಅಡಿಕೆ ಹಾಕ್ತೀರಾ?" ಎಂದು ಕನ್ನಡದಲ್ಲೇ ಕೇಳಿದೆ.

"ಊಟ ಆದ್ಮೇಲೆ ಒಂದು, ತೋಟಕ್ಕೆ ಹೋಗೋವಾಗ ಒಂದು... ಒಂದು ನಲವತ್ತು ವರ್ಷ ಆಯ್ತೇನೋ. ಅದನ್ನೂ ಹೇಳ್ಬೇಕಿತ್ತಾ?"

ಹೇಳಲೇಬೇಕು. ಅಡಿಕೆಯಿಂದ, ಗುಟ್ಕಾದಿಂದಂತೂ ಇನ್ನೂ ಬೇಗ, ಕೆನ್ನೆಯ ಒಳಪದರ ನಾರುಗಟ್ಟುತ್ತದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಬಾಯಿ ತೆರೆಯುವುದೇ ಕಷ್ಟ. ಇದು ನಾರಿನ ಬಿಗಿ, ಸ್ನಾಯುವಿನದಲ್ಲ. ಆದ್ದರಿಂದ ಅರಿವಳಿಕೆ ಕೊಟ್ಟರೂ ಸಡಿಲವಾಗುವುದಿಲ್ಲ. ಮೊದಲೇ ತಿಳಿದದ್ದರಿಂದ ಅವರಿಗೆ ಮೂಗು, ಗಂಟಲು ಮರಗಟ್ಟಿಸಿ, ಎಚ್ಚರವಿದ್ದಾಗಲೇ ಬಾಗುವ ದುರ್ಬೀನಿನ ಸಹಾಯದಿಂದ ಮೂಗಿನ ಮೂಲಕ ಕೊಳವೆ ಇಳಿಸಿ, ಆಮೇಲೆ ನಿದ್ದೆ ಮಾಡಿಸಿದೆವು. ಮರುದಿನ ಮನೆಗೆ ಹೋದರು.

ಆದರೆ ಈ ಪರೀಕ್ಷೆಗಳು ಜಾತಕವಿದ್ದ ಹಾಗೆ, ಬಹಳ ನಂಬುವಂತಿಲ್ಲ. ಡೆನ್ಮಾರ್ಕಿನಲ್ಲಿ 1,88,064 ರೋಗಿಗಳ ದಾಖಲೆ ನೋಡಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊಳವೆ ಹಾಕಲು ಕಷ್ಟವಾದವರು 3,391 ಮಂದಿ. ಅವರಲ್ಲಿ ಶೇಕಡಾ 93ರಷ್ಟು ಮಂದಿಯಲ್ಲಿ ಕಷ್ಟವನ್ನು ಯಾರೂ ಮೊದಲೇ ಊಹಿಸಿರಲಿಲ್ಲ. 2005ರಲ್ಲಿ ಇಂಗ್ಲೆಂಡಿನಲ್ಲಿ ಎಲೈನ್ ಬ್ರೋಮಿಲಿ ಎಂಬ ಎರಡು ಮಕ್ಕಳ ತಾಯಿ ಸೈನಸ್ಸಿನ ಸಾಮಾನ್ಯ ಶಸ್ತ್ರಚಿಕಿತ್ಸೆಗೆಂದು ಹೋಗಿ ಹೀಗೆಯೇ ಪ್ರಾಣ ಕಳೆದುಕೊಂಡರು. ವಿಮಾನ ಚಾಲಕರಾದ ಅವರ ಪತಿ ಮಾರ್ಟಿನ್, ಇಂಥ ಗಳಿಗೆಯಲ್ಲಿ ವೈದ್ಯರ ತಂಡ ಹೇಗೆ ಯೋಚಿಸಬೇಕು ಎಂಬ ಬಗ್ಗೆ ಆಮೇಲೆ ಮಾಡಿದ ಕೆಲಸ ನಮ್ಮ ವೃತ್ತಿಯನ್ನೇ ತಿದ್ದಿತು. ಎಲ್ಲ ಸುಲಭವೆಂದು ಕಂಡರೂ ಎರಡನೇ, ಮೂರನೇ ಉಪಾಯ ಸಿದ್ಧವಿಟ್ಟುಕೊಂಡೇ ನಾವು ಶುರುಮಾಡುವುದು.

ಬಾಯಿ ನೋಡಿ ಊಹಿಸುವುದಕ್ಕಿಂತ ಹೆಚ್ಚು ಭರವಸೆಯ ಸುಳಿವು ಹಿಂದಿನ ಅನುಭವ. ಊರಿನಲ್ಲಿ ಅಪ್ಪನಿಗೆ ಆಪರೇಷನ್ ಆದಾಗ "ಟ್ಯೂಬ್ ಹಾಕೋದು ಕಷ್ಟ ಆಯ್ತು" ಎಂದು ವೈದ್ಯರು ಅಂದಿದ್ದರೇ? ಹಲ್ಲು ಮುರಿದಿತ್ತೇ? ಗೊರಕೆಗೆ ರಾತ್ರಿ ಯಂತ್ರ ಹಾಕಿಕೊಳ್ಳುತ್ತಾರೆಯೇ? ಕತ್ತಿಗೆ ರೇಡಿಯೇಷನ್ ಆಗಿತ್ತೇ? ಅಪ್ಪ ಅಮ್ಮನ ಪರವಾಗಿ ಇಂಗ್ಲಿಷಿನಲ್ಲಿ ಉತ್ತರ ಹೇಳುವವರು ನೀವು. ಉತ್ತರಿಸುವ ಮುಂಚೆ ಅವರನ್ನು ಒಂದು ಸಲ ಕನ್ನಡದಲ್ಲಿ ಕೇಳಿ. ಕಷ್ಟವಾಗಿತ್ತೆಂದು ಆಸ್ಪತ್ರೆಯವರು ಪತ್ರ ಕೊಟ್ಟಿದ್ದರೆ ಅದರ ಒಂದು ಪ್ರತಿ ಪಾಸ್‌ಪೋರ್ಟಿನ ಜೊತೆಗಿರಲಿ, ಇನ್ನೊಂದು ಬೆಂಗಳೂರಿನ ಮನೆಯಲ್ಲಿರಲಿ.