ಅಪ್ಪನ ಮಳೆ ಪುಸ್ತಕ ಮತ್ತು ನನ್ನ ಕೋಡು

ಹೋದ ತಿಂಗಳು ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಬಿ.ಕಾಂ ಮುಗಿಸಿದವಳು, ಮಗನಿಗೀಗ ಮೂರು ವರ್ಷ. "ಅಣ್ಣಾ, ವೆಬ್ ಡೆವಲಪ್‌ಮೆಂಟ್ ಕಲೀಬೇಕು ಅಂತಿದೀನಿ. ಒಂದು ಕಡೆ ಅರವತ್ತು ಸಾವಿರ ಹೇಳ್ತಿದಾರೆ. ಸೇರ್ಲಾ?" ಅಂದಳು. ಬಳೆ ಅಡ ಇಡುವ ಯೋಚನೆಯೂ ಇತ್ತಂತೆ. ಸ್ವಲ್ಪ ತಡಿ ಮಾರಾಯ್ತಿ, ಅಂದೆ.

ಈ ವಿಷಯದಲ್ಲಿ ದುಡ್ಡು ಕಳೆದುಕೊಂಡ ಅನುಭವ ನನಗೂ ಇದೆ. ಓದಿದ್ದು ಎಲೆಕ್ಟ್ರಾನಿಕ್ಸ್, ಸಿಕ್ಕಿದ್ದು ಟೆಸ್ಟಿಂಗ್ ಕೆಲಸ. ನಾಲ್ಕು ವರ್ಷದ ಹಿಂದೆ ನಮ್ಮ ತಂಡದಲ್ಲಿ ಒಬ್ಬೊಬ್ಬರನ್ನೇ ಮನೆಗೆ ಕಳಿಸತೊಡಗಿದಾಗ ಹೆದರಿ, ರಿಯಾಯಿತಿಯಲ್ಲಿ ಏಳು ವಿಡಿಯೋ ಕೋರ್ಸ್ ಕೊಂಡೆ. ಒಂದನ್ನೂ ಮುಗಿಸಲಿಲ್ಲ. ವಿಡಿಯೋ ನೋಡ್ತಾ ಟೈಪ್ ಮಾಡುವಾಗ ಎಲ್ಲ ಅರ್ಥವಾದ ಹಾಗೇ ಇರುತ್ತೆ. ಅದನ್ನು ಮುಚ್ಚಿ ಖಾಲಿ ಫೈಲ್ ತೆರೆದರೆ ಕೈ ಓಡಲ್ಲ.

ಆಮೇಲೆ ಹಿಡಿದದ್ದು ಫ್ರೀಕೋಡ್‌ಕ್ಯಾಂಪ್. 2014ರಿಂದ ಇರುವ ತಾಣ, ಪೂರ್ತಿ ಉಚಿತ. ಬ್ರೌಸರಿನಲ್ಲೇ ಕೋಡ್ ಬರೆಯಬೇಕು, ತಪ್ಪಿದ್ದರೆ ಅಲ್ಲೇ ಹೇಳುತ್ತೆ. ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಮುಗಿಸಿ ಡೇಟಾ ವಿಷುವಲೈಸೇಷನ್ ಭಾಗಕ್ಕೆ ಬಂದೆ. ಅಲ್ಲಿ ಡಿ3 ಎಂಬ ಲೈಬ್ರರಿ ಬಳಸಿ ಅಮೆರಿಕದ ಜಿಡಿಪಿಯ ಕಂಬ ನಿಲ್ಲಿಸಬೇಕಿತ್ತು. ಅಂಕಿಗಳನ್ನೆಲ್ಲ ಅವರೇ ಸೋಸಿ ಆರಿಸಿ ಕೊಟ್ಟಿದ್ದರು. ಕಂಬ ನಿಂತಿತು, ಪರೀಕ್ಷೆ ಪಾಸಾಯಿತು, ಮರುವಾರಕ್ಕೆ ಮರೆತೂಹೋಯಿತು. ನನಗೂ ಅಮೆರಿಕದ ಜಿಡಿಪಿಗೂ ಏನು ಸಂಬಂಧ?

ಆ ಮಳೆಗಾಲ ಊರಿಗೆ ಹೋಗಿದ್ದೆ, ತೀರ್ಥಹಳ್ಳಿ ಕಡೆ. ಅಪ್ಪ ದಿನಾ ಬೆಳಿಗ್ಗೆ ಕಾಫಿಗೂ ಮೊದಲು ಅಂಗಳದ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡ್ತಾರೆ. 1998ರಿಂದಲೂ ಇದೆ ಆ ಲೆಕ್ಕ, ಇಂಚು-ಸೆಂಟಿನಲ್ಲಿ. 2-40 ಅಂದ್ರೆ ಎರಡು ಇಂಚು ನಲವತ್ತು ಸೆಂಟ್. ಅದನ್ನೇ ಗ್ರಾಫ್ ಮಾಡೋಣ ಅನ್ನಿಸಿತು. ಎಕ್ಸೆಲ್‌ನಲ್ಲಿ 2-40 ಅಂತ ಹೊಡೆದರೆ ಅದು ಫೆಬ್ರವರಿ 1940 ಅಂದುಕೊಂಡಿತು! ಮೊದಲ ಪಾಠ ಅಲ್ಲೇ ಆಯಿತು. ಎರಡನೇದು ಅಪ್ಪನಿಂದ: "ಜೂನ್ ಜುಲೈ ಯಾರಿಗ್ ಬೇಕೋ? ಆರಿದ್ರ ಎಷ್ಟು, ಪುನರ್ವಸು ಎಷ್ಟು, ಅದು ಹೇಳು." ನಕ್ಷತ್ರದ ಲೆಕ್ಕಕ್ಕೆ ದಿನಾಂಕಗಳನ್ನು ಗುಂಪು ಮಾಡೋ ಕೋಡು ಯಾವ ಕೋರ್ಸಿನಲ್ಲೂ ಸಿದ್ಧ ಇರಲಿಲ್ಲ. ಎಂಡಿಎನ್ ಅನ್ನೋ ತಾಣವನ್ನು ಸಾಂಬಾರ ಡಬ್ಬಿ ತೆಗೆದ ಹಾಗೆ ದಿನಕ್ಕೆ ಹತ್ತು ಸಲ ತೆಗೆದೆ. ಆರು ವಾರ ಹಿಡಿಯಿತು.

ಗ್ರಾಫ್ ತೋರಿಸಿದಾಗ ಅಪ್ಪ 2012ರ ಹತ್ತಿರ ಬೆರಳಿಟ್ಟರು. ಆ ವರ್ಷ ಪುನರ್ವಸು ಮಳೆಯ ಕಂಬ ಮೊಣಕಾಲೆತ್ತರವೂ ಇರಲಿಲ್ಲ. "ಇದು ಸುಳ್ಳು. ಮಳೆ ಬಂದಿತ್ತು."

"ಪುಸ್ತಕದಲ್ಲಿ ಇಲ್ವಲ್ಲಪ್ಪ, ಹನ್ನೊಂದು ದಿನ ಖಾಲಿ ಇದೆ."

"ಬರೆಯೋಕೆ ನಾನೆಲ್ಲಿದ್ದೆ? ನಿಮ್ಮಮ್ಮನ ಜೊತೆ ಶಿವಮೊಗ್ಗದ ಆಸ್ಪತ್ರೇಲಿದ್ದೆ."

ನಾನಾಗ ಮಂಗಳೂರಿನಲ್ಲಿ ಪಿಯುಸಿ, ಹಾಸ್ಟೆಲ್. ಅಮ್ಮನಿಗೆ ಸಣ್ಣ ಜ್ವರ ಅಂತಷ್ಟೇ ಹೇಳಿದ್ದರು. ಹನ್ನೊಂದು ದಿನ ಆಸ್ಪತ್ರೆಯಲ್ಲಿ ಇದ್ದಳು ಅಂತ ಗೊತ್ತಾಗಿದ್ದು ಒಂಬತ್ತು ವರ್ಷ ಕಳೆದು, ಒಂದು ಗ್ರಾಫಿನಿಂದ. ಅಮ್ಮ ಒಳಗಿನಿಂದ "ಈಗ್ಯಾಕೆ ಅದೆಲ್ಲ" ಅಂದಳು.

ತಪ್ಪು ನನ್ನ ಕೋಡಿನದು. ಖಾಲಿ ಅಕ್ಷರವನ್ನು ಸಂಖ್ಯೆ ಮಾಡು ಅಂದರೆ ಜಾವಾಸ್ಕ್ರಿಪ್ಟ್ ತೆಪ್ಪಗೆ ಸೊನ್ನೆ ಕೊಡುತ್ತೆ, ದೂರು ಹೇಳಲ್ಲ. ಅಳೆಯದ ದಿನವನ್ನು ನಾನು ಮಳೆಯಿಲ್ಲದ ದಿನ ಮಾಡಿಬಿಟ್ಟಿದ್ದೆ. ತಿದ್ದಿದೆ. ಕೆಲವು ದಿನ ಅಳತೆ ಇಲ್ಲದ ಮಳೆಗಳ ಕಂಬಕ್ಕೆಲ್ಲ ಬೂದು ಬಣ್ಣ ಕೊಟ್ಟೆ. ಮುಂದಿನ ವರ್ಷ ಡೆವಲಪರ್ ಕೆಲಸದ ಸಂದರ್ಶನದಲ್ಲಿ ಆ ಪುಟ ತೋರಿಸಿದೆ. ಸರ್ಟಿಫಿಕೇಟನ್ನು ಯಾರೂ ಕೇಳಲಿಲ್ಲ. ಆ ಬೂದು ಕಂಬ ಏನು ಅಂತಲೇ ಅರ್ಧ ಗಂಟೆ ಮಾತಾಡಿದರು. ಕೆಲಸ ಸಿಕ್ಕಿತು.

ತಂಗಿಗೆ ಇದನ್ನೆಲ್ಲ ಹೇಳಿ, ಬಳೆ ಕೈಯಲ್ಲೇ ಇರಲಿ ಅಂದೆ. ಮೂರು ತಿಂಗಳು, ಮಗು ಮಲಗಿದ ಮೇಲೆ ಒಂದು ಗಂಟೆ, ಫ್ರೀಕೋಡ್‌ಕ್ಯಾಂಪ್. ಇಂಗ್ಲಿಷ್ ತೊಡಕಾದರೆ ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ನೋಡಬಹುದು, ಅದರ ಕೆಲವು ಪಾಠಗಳು ಕನ್ನಡದಲ್ಲೂ ಇವೆ. ಗ್ರಾಫ್ ಆಸೆ ಇದ್ದರೆ ಸೀದಾ ಡಿ3ಗೆ ಹಾರಬಾರದು, ಅದು ಮೊದಮೊದಲು ತುಂಬಾ ಸತಾಯಿಸುತ್ತೆ. ಡೇಟಾರ‍್ಯಾಪರ್‌ನಲ್ಲಿ ಕೋಡ್ ಇಲ್ಲದೆಯೇ ಅಂಕಿ ಹಾಕಿ ಚಿತ್ರ ಮಾಡಿ ನೋಡಬಹುದು. ಮೊಬೈಲಿನಲ್ಲಿ ಇದು ನಡೆಯಲ್ಲ, ನನ್ನ ಹಳೇ ಲ್ಯಾಪ್‌ಟಾಪ್ ಕಳಿಸ್ತೀನಿ ಅಂದೆ. ಕೆಲಸ ಸಿಗುತ್ತೆ ಅಂತ ಮಾತು ಕೊಡಲಿಲ್ಲ. ಉಚಿತ ಕಲಿಕೆಯ ಕಷ್ಟವನ್ನೂ ಹೇಳಿದೆ: ನಿಲ್ಲಿಸಿಬಿಟ್ಟರೆ ಯಾಕೆ ಅಂತ ಕೇಳೋರು ಇರಲ್ಲ. ಅದಕ್ಕೇ ಶನಿವಾರ ಶನಿವಾರ ನಾನೇ ಕೇಳ್ತೀನಿ ಅಂದಿದ್ದೇನೆ. ಮೂರು ತಿಂಗಳಾದ ಮೇಲೂ ಮೇಷ್ಟ್ರು ಬೇಕು ಅನ್ನಿಸಿದರೆ ಆಗ ದುಡ್ಡು ಕೊಡಲಿ, ತಪ್ಪೇನಿಲ್ಲ.

ಮೊನ್ನೆ ಶನಿವಾರ ಅವಳೇ ಫೋನ್ ಮಾಡಿದಳು. ಅತ್ತೆಯ ಡೈರಿ ಪಾಸ್‌ಬುಕ್ ಹಿಡಿದು ಕೂತಿದ್ದಾಳಂತೆ, ಎರಡು ವರ್ಷದ ಹಾಲಿನ ಲೆಕ್ಕ.

"ಅಣ್ಣಾ, ಹಸು ಗಬ್ಬ ಇದ್ದಾಗ ಎರಡು ತಿಂಗಳು ಡೈರಿಗೆ ಹಾಲೇ ಹಾಕಿಲ್ಲ. ಸೊನ್ನೆ ಬರೀಲಾ, ಖಾಲಿ ಬಿಡ್ಲಾ?"

"ನಿಮ್ಮತ್ತೇನ ಕೇಳು," ಅಂದೆ.