ಕೇಬಲ್ ಸಿಕ್ಕಿಸಿದ ತಕ್ಷಣ ಇಂಟರ್ನೆಟ್ ಬರುವುದು ಹೇಗೆ? ಚಾರ್ಜಿಂಗ್ ಪಾಯಿಂಟ್ ಫಾರ್ವರ್ಡ್ ಹೇಳದ ಸಂಗತಿ

"ಬಸ್ ನಿಲ್ದಾಣ, ಏರ್‌ಪೋರ್ಟ್‌ಗಳ ಯುಎಸ್‌ಬಿ ಪಾಯಿಂಟ್‌ನಲ್ಲಿ ಮೊಬೈಲ್ ಚಾರ್ಜ್‌ಗೆ ಹಾಕಬೇಡಿ, ಕ್ಷಣದಲ್ಲಿ ಬ್ಯಾಂಕ್ ಖಾತೆ ಖಾಲಿ!" ಈ ಫಾರ್ವರ್ಡ್ ನಿಮ್ಮ ಮನೆಯವರ ಗ್ರೂಪಿಗೂ ಬಂದಿರುತ್ತದೆ. ಇದು ಪೂರ್ತಿ ಸುಳ್ಳಲ್ಲ. ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರತಂದ ಹಣಕಾಸು ವಂಚನೆಗಳ ಕೈಪಿಡಿಯಲ್ಲಿ 'ಜ್ಯೂಸ್ ಜಾಕಿಂಗ್' ಎಂಬ ಹೆಸರಿನಲ್ಲಿ ಇದರ ಪ್ರಸ್ತಾಪವಿದೆ. 2023ರಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿಯೂ ಎಚ್ಚರಿಕೆ ಕೊಟ್ಟಿತ್ತು. ಆದರೆ ತಾಂತ್ರಿಕವಾಗಿ ಇದು ಸಾಧ್ಯವಿದ್ದರೂ ಖಚಿತವಾದ ಒಂದು ಪ್ರಕರಣವೂ ತನ್ನ ಗಮನಕ್ಕೆ ಬಂದಿಲ್ಲ ಎಂದು ಅಲ್ಲಿನ ಸಂವಹನ ಆಯೋಗವೇ ಹೇಳಿದೆ.

ಕೇಬಲ್ ಸಿಕ್ಕಿಸಿದಾಗ ಒಳಗೆ ನಡೆಯುವುದೇನು ಎಂಬುದನ್ನು ಮಾತ್ರ ಈ ಫಾರ್ವರ್ಡ್ ಹೇಳುವುದಿಲ್ಲ. ಹಾಗಾಗಿ ನಮ್ಮ ಭಯ ತಪ್ಪು ಜಾಗಕ್ಕೆ ಹೋಗಿ ಕೂತಿದೆ. ಮೊಬೈಲ್ ಚಾರ್ಜ್ ಮಾಡಲು ಹೆದರುವ ನಾವು, ಯಾರೋ ಕೊಟ್ಟ ಡಾಂಗಲ್ಲನ್ನು ಆಫೀಸಿನ ಲ್ಯಾಪ್‌ಟಾಪಿಗೆ ಯೋಚಿಸದೆ ಹಾಕುತ್ತೇವೆ.

ನೀವೇ ಒಮ್ಮೆ ನೋಡಿ. ಮೊಬೈಲನ್ನು ಲ್ಯಾಪ್‌ಟಾಪಿಗೆ ಜೋಡಿಸಿ 'ಯುಎಸ್‌ಬಿ ಟೆಥರಿಂಗ್' ಆನ್ ಮಾಡಿದರೆ ಕೆಲವೇ ಸೆಕೆಂಡಿನಲ್ಲಿ ಲ್ಯಾಪ್‌ಟಾಪಿಗೆ ಇಂಟರ್ನೆಟ್ ಬರುತ್ತದೆ. ಯಾವ ಸಂಖ್ಯೆಯನ್ನೂ ಟೈಪ್ ಮಾಡಬೇಕಿಲ್ಲ, ಸಿ.ಡಿ. ಹಾಕಿ ಡ್ರೈವರ್ ಇನ್‌ಸ್ಟಾಲ್ ಮಾಡಬೇಕಿಲ್ಲ. ಇದಾಗುವುದು ಹೇಗೆ?

ಯುಎಸ್‌ಬಿಗೆ ಬಂದು ಸೇರುವ ಪ್ರತಿ ಸಾಧನವೂ ಮೊದಲು ತನ್ನ ಪರಿಚಯ ಹೇಳಿಕೊಳ್ಳುತ್ತದೆ: ತಯಾರಕರ ಸಂಖ್ಯೆ ಇಷ್ಟು, ಮಾದರಿ ಸಂಖ್ಯೆ ಇಷ್ಟು, ನಾನು ಕೀಬೋರ್ಡ್, ಅಥವಾ ನಾನು ಪೆನ್‌ಡ್ರೈವ್, ಅಥವಾ ನಾನು ನೆಟ್‌ವರ್ಕ್ ಕಾರ್ಡ್. ಟೆಥರಿಂಗ್ ಆನ್ ಮಾಡಿದಾಗ ನಿಮ್ಮ ಮೊಬೈಲ್ ಹೇಳುವುದು 'ನಾನು ನೆಟ್‌ವರ್ಕ್ ಕಾರ್ಡ್' ಎಂದೇ. ಅದನ್ನು ಕೇಳಿ ಕಂಪ್ಯೂಟರ್ ತನ್ನಲ್ಲೇ ಇರುವ ಡ್ರೈವರ್ ಹುಡುಕಿ ಜೋಡಿಸಿ, ಹೊಸ ಸಂಪರ್ಕವೊಂದನ್ನು ಪಟ್ಟಿಗೆ ಸೇರಿಸುತ್ತದೆ.

ಇನ್ನು ವಿಳಾಸ ಬೇಕು. ವಠಾರಕ್ಕೆ ಹೊಸದಾಗಿ ಬಂದ ಬಾಡಿಗೆದಾರರು ಅಂಗಳದಲ್ಲಿ ನಿಂತು, "ನನ್ನ ಮನೆ ನಂಬರ್ ಯಾವುದು? ಪೇಟೆಗೆ ಯಾವ ದಾರಿಯಲ್ಲಿ ಹೋಗಬೇಕು?" ಎಂದು ಕೂಗಿ ಕೇಳಿದ ಹಾಗೆ ಕಂಪ್ಯೂಟರ್ ಆ ಸಂಪರ್ಕದಲ್ಲಿ ಎಲ್ಲರಿಗೂ ಕೇಳುವಂತೆ ವಿಚಾರಿಸುತ್ತದೆ. ಉತ್ತರ ಕೊಟ್ಟವರು ಯಾರು ಎಂದು ನೋಡುವುದಿಲ್ಲ. ಬಂದ ಉತ್ತರದಲ್ಲಿರುವ ಐಪಿ ವಿಳಾಸ, ಹೊರಹೋಗುವ ದಾರಿ, ವೆಬ್‌ಸೈಟ್ ಹೆಸರುಗಳನ್ನು ಹುಡುಕಿಕೊಡುವ ಡಿಎನ್ಎಸ್ ಸರ್ವರ್, ಎಲ್ಲವನ್ನೂ ಹಾಗೇ ಒಪ್ಪಿಕೊಳ್ಳುತ್ತದೆ. 1993ರಲ್ಲಿ ಮೊದಲ ಬಾರಿ ಪ್ರಕಟವಾದ ಈ ವಿಧಾನದ ಹೆಸರು ಡಿಎಚ್‌ಸಿಪಿ. ನಿಮ್ಮ ಮನೆಯ ವೈ-ಫೈ ರೂಟರ್ ಮಾಡುವುದೂ ಇದೇ ಕೆಲಸ.

(ಉತ್ತರವೇ ಬರದಿದ್ದರೆ ಕಂಪ್ಯೂಟರ್ ಸಾಮಾನ್ಯವಾಗಿ 169.254 ಎಂದು ಶುರುವಾಗುವ ವಿಳಾಸವೊಂದನ್ನು ತಾನೇ ಹಾಕಿಕೊಳ್ಳುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಆ ಸಂಖ್ಯೆ ಕಂಡರೆ ವಿಂಡೋಸ್ ಫಾರ್ಮ್ಯಾಟ್ ಮಾಡಿಸಲು ಅಂಗಡಿಗೆ ಓಡಬೇಡಿ. ಮೊದಲು ರೂಟರ್, ಕೇಬಲ್ ನೋಡಿ.)

ಟೆಥರಿಂಗ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ಎಂದು ಹೇಳಿಕೊಂಡದ್ದೂ ಮೊಬೈಲೇ, ವಿಳಾಸ ಹಂಚಿದ್ದೂ ಅದೇ ಮೊಬೈಲ್. ಎರಡನ್ನೂ ಯಾರೂ ಪರಿಶೀಲಿಸಲಿಲ್ಲ. ಮೊಬೈಲ್ ನಿಮ್ಮದಾದ್ದರಿಂದ ತೊಂದರೆಯಿಲ್ಲ. ಆ ಜಾಗದಲ್ಲಿ ಬೇರೆಯವರ ಸಾಧನ ಇದ್ದರೆ?

ಲಾಕ್ ಮಾಡಿದ ಲ್ಯಾಪ್‌ಟಾಪೂ ಮೋಸ ಹೋಯಿತು

2016ರ ನವೆಂಬರ್‌ನಲ್ಲಿ ಸ್ಯಾಮಿ ಕಾಮ್‌ಕರ್ ಎಂಬ ಭದ್ರತಾ ಸಂಶೋಧಕ ಇದನ್ನೇ ಮಾಡಿ ತೋರಿಸಿದರು. ಅವರು ಬಳಸಿದ್ದು ಐದು ಡಾಲರ್ ಬೆಲೆಯ ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಬೋರ್ಡ್. ಪ್ರಯೋಗಕ್ಕೆ ಇಟ್ಟ ಹೆಸರು ಪಾಯ್ಸನ್‌ಟ್ಯಾಪ್. ಲಾಕ್ ಮಾಡಿಟ್ಟ ಲ್ಯಾಪ್‌ಟಾಪಿಗೆ ಸಿಕ್ಕಿಸಿದಾಗ ಆ ಬೋರ್ಡ್ 'ನಾನು ನೆಟ್‌ವರ್ಕ್ ಕಾರ್ಡ್' ಎಂದಿತು. ಲ್ಯಾಪ್‌ಟಾಪ್ ವಿಳಾಸ ಕೇಳಿದಾಗ ಉತ್ತರವನ್ನೂ ಅದೇ ಕೊಟ್ಟಿತು. ಉತ್ತರದಲ್ಲಿ ಒಂದು ಸುಳ್ಳಿತ್ತು: ಇಂಟರ್ನೆಟ್ಟಿನ ಎಲ್ಲ ವಿಳಾಸಗಳೂ ಇಲ್ಲೇ, ನನ್ನ ಪಕ್ಕದಲ್ಲೇ ಇವೆ!

ಹತ್ತಿರದ ವಿಳಾಸಕ್ಕೆ ಹತ್ತಿರದ ದಾರಿ ಹಿಡಿಯುವುದು ಕಂಪ್ಯೂಟರಿನ ನಿಯಮ. ಹಾಗಾಗಿ ವೈ-ಫೈ ಚೆನ್ನಾಗಿಯೇ ಇದ್ದರೂ ಮಾಹಿತಿಯೆಲ್ಲ ಆ ಬೋರ್ಡಿನ ಕಡೆ ಹರಿಯಿತು. ತೆರೆದಿಟ್ಟ ಬ್ರೌಸರ್, ಪರದೆ ಲಾಕ್ ಆಗಿದ್ದರೂ ಹಿನ್ನೆಲೆಯಲ್ಲಿ ವೆಬ್‌ಸೈಟುಗಳನ್ನು ಸಂಪರ್ಕಿಸುತ್ತಲೇ ಇರುತ್ತದೆ. ಎಚ್‌ಟಿಟಿಪಿಎಸ್ ಭದ್ರತೆ ಸರಿಯಾಗಿ ಅಳವಡಿಸದ ವೆಬ್‌ಸೈಟುಗಳ ಕುಕಿಗಳು, ಅಂದರೆ ಲಾಗಿನ್ ಆಗಿದ್ದೀರಿ ಎಂಬುದಕ್ಕೆ ಗುರುತಾಗಿ ಬ್ರೌಸರ್ ಇಟ್ಟುಕೊಳ್ಳುವ ಚೀಟಿಗಳು, ಬೋರ್ಡಿಗೆ ಸಿಕ್ಕವು.

ಇಲ್ಲಿ ಯಾವ ವೈರಸ್ಸೂ ಇರಲಿಲ್ಲ. ಲಾಕ್ ಮುರಿಯಲೂ ಇಲ್ಲ. ಕಂಪ್ಯೂಟರಿನ ಪ್ರತಿ ಭಾಗವೂ ತನಗೆ ವಹಿಸಿದ ಕೆಲಸವನ್ನು ನಿಯಮದಂತೆ ಮಾಡಿತ್ತು. ನಾವು 'ಲಾಕ್' ಎಂದುಕೊಂಡಿರುವುದು ಪರದೆಯನ್ನು ಮಾತ್ರ ಮುಚ್ಚುತ್ತದೆ, ಪೋರ್ಟ್‌ಗಳನ್ನಲ್ಲ.

ಹಾಗೆಂದು ಈ ಸ್ವಯಂಚಾಲಿತ ವ್ಯವಸ್ಥೆಯನ್ನೇ ದೂರುವುದು ಸರಿಯೆಂದು ನನಗನ್ನಿಸುವುದಿಲ್ಲ. ಹಿಂದೆ ಈ ಸಂಖ್ಯೆಗಳನ್ನೆಲ್ಲ ಕೈಯಿಂದಲೇ ತುಂಬಬೇಕಿತ್ತು, ಎರಡು ಯಂತ್ರಗಳಿಗೆ ಒಂದೇ ಸಂಖ್ಯೆ ಬಿದ್ದರೆ ನೆಟ್‌ವರ್ಕ್ ಕೆಡುತ್ತಿತ್ತು. ಅದು ಹಾಗೇ ಉಳಿದಿದ್ದರೆ ನಮ್ಮಲ್ಲಿ ಬಹುಪಾಲು ಜನ ಇಂಟರ್ನೆಟ್ ಹತ್ತಿರ ಸುಳಿಯುತ್ತಿರಲಿಲ್ಲ. ಮೊದಲ ಸಲ ಬರುವ ಸಾಧನದ ಬಗ್ಗೆ ಬಳಕೆದಾರರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು.

ಮೊಬೈಲ್ ಕೇಳುತ್ತದೆ, ಆದರೂ...

ಈ ವಿಷಯದಲ್ಲಿ ಮೊಬೈಲ್ ವಾಸಿ. 2013ರಿಂದ ಐಫೋನ್ 'ಈ ಕಂಪ್ಯೂಟರನ್ನು ನಂಬುತ್ತೀರಾ?' ಎಂದು ಕೇಳುತ್ತದೆ. ಆಂಡ್ರಾಯ್ಡ್ 2015ರ 6ನೇ ಆವೃತ್ತಿಯಿಂದ ಕೇಬಲ್ ಸಿಕ್ಕಿಸಿದರೆ ಮೊದಲಿಗೆ ಚಾರ್ಜಿಂಗ್ ಮಾತ್ರ. ನೀವು ಒಪ್ಪದೆ ಫೈಲುಗಳು ಹೋಗುವುದಿಲ್ಲ. ಯುಪಿಐ ಪಿನ್ ಅಂತೂ ಫೋನಿನಲ್ಲಿ ಉಳಿದಿರುವುದೇ ಇಲ್ಲ. 'ಕ್ಷಣದಲ್ಲಿ ಖಾತೆ ಖಾಲಿ' ಎಂಬ ಮಾತು ಉತ್ಪ್ರೇಕ್ಷೆ.

ಆದರೆ 2025ರಲ್ಲಿ ಆಸ್ಟ್ರಿಯಾದ ಗ್ರಾಝ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಉಪಾಯ ತೋರಿಸಿದರು. ಅವರ ನಕಲಿ ಚಾರ್ಜರ್ ತನ್ನನ್ನು ಕೀಬೋರ್ಡ್ ಎಂದು ಪರಿಚಯಿಸಿಕೊಂಡು, ಫೋನ್ ಕೇಳಿದ ಪ್ರಶ್ನೆಗೆ ತಾನೇ 'ಒಪ್ಪಿಗೆ' ಒತ್ತಿಬಿಡುತ್ತದೆ. ಲ್ಯಾಪ್‌ಟಾಪಿನಲ್ಲಿ ಆದದ್ದೇ ಇಲ್ಲೂ ಆಯಿತು, ಸಾಧನ ಹೇಳಿಕೊಂಡ ಪರಿಚಯವನ್ನು ಫೋನ್ ನಂಬಿತು. ಆಪಲ್ ಮತ್ತು ಗೂಗಲ್ ಇದಕ್ಕೆ ಪರಿಹಾರವಾಗಿ ಒಪ್ಪಿಗೆಗೆ ಪಿನ್ ಅಥವಾ ಬೆರಳಚ್ಚಿನಂತಹ ದೃಢೀಕರಣ ಕೇಳಲು ಶುರು ಮಾಡಿವೆ. ಅಪ್‌ಡೇಟ್ ನಿಂತುಹೋದ ಹಳೆಯ ಫೋನುಗಳಿಗೆ ಈ ರಕ್ಷಣೆ ಸಿಗುವುದಿಲ್ಲ.

ಪ್ರಯಾಣದಲ್ಲಿ ನಿಮ್ಮದೇ ಅಡಾಪ್ಟರ್ ಇಟ್ಟುಕೊಂಡು ಗೋಡೆಯ ಸಾಕೆಟ್‌ಗೆ ಹಾಕಿ, ಅಲ್ಲಿಂದ ಬರುವುದು ಕರೆಂಟ್ ಮಾತ್ರ. ಅದಿಲ್ಲದೆ ಯುಎಸ್‌ಬಿ ಪಾಯಿಂಟ್ ಬಳಸಲೇಬೇಕಾದರೆ ಫೋನನ್ನು ಲಾಕ್ ಮಾಡಿಡಿ. ಚಾರ್ಜ್‌ಗೆಂದು ಹಾಕಿದ ಫೋನ್ ಡೇಟಾ ಕೊಡಲೇ ಎಂದು ಕೇಳಿದರೆ ಉತ್ತರ ಕೊಡುತ್ತಾ ಕೂರದೆ ಕೇಬಲ್ ಕೀಳಿ. ಲ್ಯಾಪ್‌ಟಾಪನ್ನು ಬೇರೆಯವರಿರುವ ಕಡೆ ಬಿಟ್ಟು ಎದ್ದು ಹೋಗುವಾಗ ಲಾಕ್ ಮಾಡಿದರೆ ಸಾಲದು, ಶಟ್‌ಡೌನ್ ಮಾಡಿ. ಆಪಲ್‌ನ ಹೊಸ ಲ್ಯಾಪ್‌ಟಾಪುಗಳು 2022ರ ಮ್ಯಾಕ್ಒಎಸ್ ವೆಂಚುರಾದಿಂದ ಈಚೆಗೆ ಹೊಸ ಸಾಧನ ಬಂದರೆ ಅನುಮತಿ ಕೇಳುತ್ತವೆ. ಲಿನಕ್ಸ್‌ನಲ್ಲಿ ಯುಎಸ್‌ಬಿಗಾರ್ಡ್ ಎಂಬ ತಂತ್ರಾಂಶ ಇದೇ ಕೆಲಸ ಮಾಡುತ್ತದೆ. ಪೆನ್‌ಡ್ರೈವ್ ಎಂದು ಯಾರೋ ಕೊಟ್ಟದ್ದನ್ನು ಹಾಕಿದಾಗ ನೆಟ್‌ವರ್ಕ್ ಪಟ್ಟಿಯಲ್ಲಿ ಹೊಸದೊಂದು 'ಈಥರ್ನೆಟ್' ಕಾಣಿಸಿಕೊಂಡರೆ, ಅದು ಬರೀ ಪೆನ್‌ಡ್ರೈವ್ ಅಲ್ಲ. ಕೂಡಲೇ ತೆಗೆದು, ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಐಟಿ ವಿಭಾಗಕ್ಕೆ ತಿಳಿಸಿ.