ಅಜಾಕ್ಸ್ ಕೊಯ್ದು ದೆಹಲಿ ಮಾಡಿದ್ದು

ಹೋದ ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಒಂಬತ್ತನೇ ತರಗತಿಯ ಹುಡುಗನೊಬ್ಬ ರಟ್ಟಿನ ಡಬ್ಬವೊಂದನ್ನು ಎದೆಗವಚಿಕೊಂಡು ಮನೆಗೆ ಬಂದ. ಲಂಡನ್ನಿನಿಂದ ಸೋದರಮಾವ ತಂದುಕೊಟ್ಟ ಏರ್‌ಫಿಕ್ಸ್ ಕಂಪನಿಯ 'ಅಜಾಕ್ಸ್' ಯುದ್ಧನೌಕೆಯ ಪ್ಲಾಸ್ಟಿಕ್ ಬಿಡಿಭಾಗಗಳು. "ಸಾರ್, ಇದನ್ನ ನೆಲದ ಮೇಲೆ ಆಡೋ ಹಾಗೆ ಮಾಡ್ಬೇಕು" ಎಂದ. ಹಿಂದೆಯೇ ಬಂದ ಅವನ ತಾಯಿ, "ಮೇಷ್ಟ್ರೇ, ಇರೋದು ಇದೊಂದೇ. ಕೊಯ್ದು ಹಾಳಾದ್ರೆ ನಮ್ಮಣ್ಣನಿಗೆ ಏನು ಹೇಳಲಿ?" ಎಂದರು.

ನೌಕಾಯುದ್ಧದ ಆಟ ಇಂದು ನಿನ್ನೆಯದಲ್ಲ. ಇಂಗ್ಲೆಂಡಿನ ಫ್ರೆಡ್ ಜೇನ್ 1898ರಲ್ಲೇ ಇಂಥದೊಂದನ್ನು ಹೊರತಂದಿದ್ದ. ಅಮೆರಿಕದ ಲೇಖಕ ಫ್ಲೆಚರ್ ಪ್ರಾಟ್ ಮಾಡಿದ ಆಟದಲ್ಲಿ ದಾಳಕ್ಕಿಂತ ಕಣ್ಣಳತೆಗೇ ಬೆಲೆ. ಶತ್ರು ಹಡಗು ಎಷ್ಟು ದೂರದಲ್ಲಿದೆಯೆಂದು ಆಟಗಾರ ಊಹಿಸಿ ಹೇಳಬೇಕು, ಆಮೇಲೆ ಟೇಪು ಹಿಡಿದು ನೋಡುವುದು. ನನಗೆ ಇಷ್ಟವಾದದ್ದು ಇದೇ.

ಅಜಾಕ್ಸ್ ಎಂದ ಕೂಡಲೇ ನನಗೆ ಅದರ ಸೋದರಿ 'ಅಕಿಲೀಸ್' ನೆನಪಾಯಿತು. 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ಪ್ಲೇಟ್ ನದೀಮುಖದ ಹೊರಗೆ ಇವೆರಡೂ 'ಎಕ್ಸಿಟರ್' ಜೊತೆ ಸೇರಿ ಜರ್ಮನಿಯ 'ಗ್ರಾಫ್ ಶ್ಪೇ'ಯನ್ನು ಎದುರಿಸಿದವು. ಆ ಅಕಿಲೀಸ್ ಹಡಗನ್ನೇ 1948ರಲ್ಲಿ ಭಾರತ ಕೊಂಡು 'ದೆಹಲಿ' ಎಂದು ಹೆಸರಿಟ್ಟಿತು. 1961ರಲ್ಲಿ ದೀವ್ ಮೇಲೆ ಗುಂಡು ಹಾರಿಸಿದ್ದು ಅದೇ ಹಡಗು. (1997ರಲ್ಲಿ ನೌಕಾಪಡೆ ಸೇರಿದ ದೆಹಲಿ ಬೇರೆ.) ಇದನ್ನು ಕೇಳಿದ ಹುಡುಗ, "ಹಾಗಾದ್ರೆ ನಮ್ಮ ದೆಹಲೀನೇ ಮಾಡೋಣ ಸಾರ್" ಎಂದ. ಅದರಲ್ಲೊಂದು ನಷ್ಟವಿತ್ತು, ಹೇಳಿದೆ. ಅಜಾಕ್ಸ್‌ನಲ್ಲಿ ಎರಡೆರಡು ಫಿರಂಗಿಗಳ ನಾಲ್ಕು ಗೋಪುರ. 1943ರ ಜನವರಿಯಲ್ಲಿ ಗ್ವಾಡಲ್‌ಕನಾಲ್ ಬಳಿ ಜಪಾನೀ ಬಾಂಬು ಬಿದ್ದು ಅಕಿಲೀಸ್‌ನ ಹಿಂಬದಿಯ ಮೇಲಿನ ಗೋಪುರ ನಾಶವಾಯಿತು, ಅದರೊಳಗಿದ್ದ ನಾವಿಕರು ಸತ್ತರು. ದುರಸ್ತಿಯಲ್ಲಿ ಅಲ್ಲಿ ಮತ್ತೆ ಗೋಪುರ ಕೂರಿಸದೆ ವಿಮಾನ ಹೊಡೆಯುವ ಸಣ್ಣ ಫಿರಂಗಿಗಳನ್ನಿಟ್ಟರು. ಆದ್ದರಿಂದ ದೆಹಲಿಗೆ ಆರೇ ದೊಡ್ಡ ಫಿರಂಗಿ. ಆಟದಲ್ಲಿ ಎಂಟಕ್ಕೆ ಬದಲು ಆರು ಇಟ್ಟುಕೊಂಡು ಆಡಬೇಕು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಆರೇ ಇರಲಿ" ಎಂದ.

ಇನ್ನು ಕೊಯ್ಯುವ ಕೆಲಸ. ಡಬ್ಬದಲ್ಲಿ ಬರುವ ಹಡಗಿಗೆ ನೀರಿನೊಳಗಿನ ಹೊಟ್ಟೆಯೂ ಇರುತ್ತದೆ, ನೆಲದ ಮೇಲಿಟ್ಟರೆ ವಾಲುತ್ತದೆ. ನೀರಿನ ಮಟ್ಟಕ್ಕೆ ಕತ್ತರಿಸಬೇಕು. ಅಳತೆ 600ಕ್ಕೆ 1. ಸುಮಾರು 169 ಮೀಟರಿನ ಹಡಗು 28 ಸೆಂಟಿಮೀಟರು, ನೀರಿನೊಳಗಿನ ಭಾಗ ಸುಮಾರು ಒಂದು ಸೆಂಟಿಮೀಟರು. ಮರದ ತುಂಡಿಗೆ ಪೆನ್ಸಿಲು ಕಟ್ಟಿ, ಗಾಜಿನ ಹಲಗೆಯ ಮೇಲೆ ಜಾರಿಸುತ್ತ ಸುತ್ತಲೂ ಗೆರೆ ಎಳೆದೆವು. ಮೊದಲು ಎರಡು ಪಕ್ಕಗಳನ್ನೂ ಮೇಲಟ್ಟವನ್ನೂ ಅಂಟಿಸಿ ಒಂದು ದಿನ ಒಣಗಲು ಬಿಡಬೇಕಿತ್ತು. ನಾನು ಆತುರಪಟ್ಟು ಮೇಲಟ್ಟವಿಲ್ಲದೆಯೇ ಗರಗಸ ಹಿಡಿದೆ. ಟೊಳ್ಳು ಹಡಗು ಕೈಯಲ್ಲಿ ಅದುಮಿಕೊಂಡಿತು, ಹಿಂತುದಿಯ ಹತ್ತಿರ ಗರಗಸ ಗೆರೆ ಬಿಟ್ಟು ಮೇಲಕ್ಕೆ ಹೋಯಿತು. ಹುಡುಗ ಏನೂ ಅನ್ನಲಿಲ್ಲ. ಕಣ್ಣು ತುಂಬಿತ್ತು.

ಕೈಹಿಡಿದದ್ದು ರಸಾಯನಶಾಸ್ತ್ರ. ಈ ಪ್ಲಾಸ್ಟಿಕ್ಕು ಪಾಲಿಸ್ಟೈರೀನ್. ಇದರ ಅಂಟು ಗೋಂದಿನಂತಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಭಾಗಗಳನ್ನು ಹಿಡಿದಿಟ್ಟಿದ್ದ ಚೌಕಟ್ಟಿನ ಕಡ್ಡಿಯನ್ನು ಚೂರು ಮಾಡಿ ಅಂಟಿನಲ್ಲಿ ನೆನೆಸಿದರೆ ಪಾಯಸದಂಥ ಲೇಪ. ಅದನ್ನು ತುಂಬಿ, ಎರಡು ದಿನ ಬಿಟ್ಟು, ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಉಜ್ಜಿದಾಗ ತಳ ಸಮವಾಯಿತು. ಅದೇ ಕಡ್ಡಿಯನ್ನು ಮೇಣದಬತ್ತಿಯ ಉರಿಯಿಂದ ಸ್ವಲ್ಪ ಮೇಲೆ ಹಿಡಿದು, ಮೆತ್ತಗಾದೊಡನೆ ಎಳೆದರೆ ಪಟಸ್ತಂಭಕ್ಕೆ ಬೇಕಾದ ಸಣ್ಣ ಸರಳು ಸಿಗುತ್ತದೆ. ಗರಗಸ, ಉರಿ, ಅಂಟು ಮೂರಕ್ಕೂ ದೊಡ್ಡವರು ಪಕ್ಕದಲ್ಲಿರಬೇಕು, ಕಿಟಕಿ ತೆರೆದಿರಬೇಕು.

ಆಟಕ್ಕೆ ಕುಳಿತಾಗ ಇನ್ನೊಂದು ತೊಡಕು. ದೆಹಲಿಯ ಗುಂಡು ಸುಮಾರು 23 ಕಿಲೋಮೀಟರು ಹೋಗುತ್ತದೆ. ಹಡಗಿನ ಅಳತೆಯಲ್ಲೇ ಲೆಕ್ಕ ಹಾಕಿದರೆ 38 ಮೀಟರು, ನಮ್ಮ ಬೀದಿಯೇ ಬೇಕು! ಹಾಗಾಗಿ ಸಮುದ್ರಕ್ಕೆ ಬೇರೆ ಅಳತೆ: ಒಂದು ಸೆಂಟಿಮೀಟರಿಗೆ ನೂರು ಮೀಟರು. ಆಗ ಹಡಗೇ 2.8 ಕಿಲೋಮೀಟರು ಉದ್ದವಾದಂತಾಯಿತಲ್ಲ ಎಂದು ಹುಡುಗನೇ ಹಿಡಿದ. ಸರಿಯಾದ ಆಕ್ಷೇಪಣೆ. ಅದಕ್ಕೇ ದೂರವನ್ನು ಯಾವಾಗಲೂ ಹೊಗೆಕೊಳವೆಯಿಂದ ಹೊಗೆಕೊಳವೆಗೆ ಅಳೆಯುವುದು. ವೇಗದ ಲೆಕ್ಕ ಸುಲಭ: ಗಂಟೆಗೆ 60 ಕಿಲೋಮೀಟರೆಂದರೆ ನಿಮಿಷಕ್ಕೆ ಹತ್ತು ಸೆಂಟಿಮೀಟರು.

ಗ್ರಾಫ್ ಶ್ಪೇಯನ್ನು ರಟ್ಟಿನಲ್ಲಿ ಮಾಡಿಕೊಂಡೆ, 31 ಸೆಂಟಿಮೀಟರು. ನಡುಮನೆಯಲ್ಲಿ ಮೊದಲ ಸುತ್ತು. ಹುಡುಗ 140 ಎಂದ, ನಾನು 200 ಎಂದೆ. ಬಾಗಿಲಲ್ಲಿ ನಿಂತಿದ್ದ ಅವನ ತಾಯಿ, "ಒಂದೂಮುಕ್ಕಾಲು ಮೀಟರು" ಎಂದರು. ಟೇಪು ಹಿಡಿದರೆ 173. ಅವರು ಮನೆಯಲ್ಲಿ ಬಟ್ಟೆ ಹೊಲಿಯುತ್ತಾರೆ. ಎರಡನೆಯ ಸುತ್ತಿಗೆ ಹುಡುಗ ಅಮ್ಮನನ್ನು ತನ್ನ ಹಡಗಿಗೆ ಸೇರಿಸಿಕೊಂಡ.